‘ಅದು ಹೊರಗಿಂದು’ ಅಂದದ್ದು ಯಾರಿಗೆ?

“ಹೊಡೀಬ್ಯಾಡ್ರೀ!”

ಆ ಕೂಗಿಗೆ ಎತ್ತಿದ ಸಲಿಕೆ ಗಾಳಿಯಲ್ಲೇ ನಿಂತಿತು.

ಜೊಯಿಡಾದ ಹೊಸ ಅರಣ್ಯ ಮಾಹಿತಿ ಕೇಂದ್ರದ ಹಿಂದೆ, ಅಟ್ಟಣಿಗೆಯ ಕಂಬ ನೆಡಲು ಆತಿಫ ಗುಂಡಿ ತೋಡುತ್ತಿದ್ದ. ಹಸಿ ಮಣ್ಣಿನಿಂದ ಕಪ್ಪಗೆ, ನುಣ್ಣಗೆ ಏನೋ ಹೊರಳಿ ಬಂದಿತ್ತು. ದಾಂಡೇಲಿಯಲ್ಲಿ ಬೋರ್ಡ್ ಬರೆಯುವ ಅಂಗಡಿ ಇಟ್ಟುಕೊಂಡವನಿಗೆ ಅದು ಹಾವಲ್ಲದೆ ಇನ್ನೇನಾಗಿ ಕಾಣಬೇಕು?

ಅಷ್ಟರಲ್ಲಿ ಓಡಿ ಬಂದ ಹುಡುಗಿ ಬರಿಗೈಯಲ್ಲೇ ಅದನ್ನೆತ್ತಿಕೊಂಡಳು!

“ರೀ... ಹಾವು ರೀ!”

“ಹಾವಲ್ಲ. ಸಿಸಿಲಿಯನ್. ಕಪ್ಪಿ ಬಳಗದ್ದು.”

“ಕಪ್ಪೀನಾ? ಕಾಲ ಇಲ್ಲಲ್ರೀ!”

“ಕಾಲಿಲ್ಲಂದ್ರ ಬಳಗ ಬಿಟ್ಟು ಹೋಗತೈತೇನು? ನೋಡಾಕ ಹೆಂಗೈತಿ ಅಂತ ಕೇಳಬಾರದ್ರಿ. ಯಾರ ವಂಶದಾಗ ಹುಟ್ಟೇತಿ ಅಂತ ಕೇಳಬೇಕು. ಇದರ ಮೂಲದಜ್ಜಿ, ಕಪ್ಪಿಯ ಮೂಲದಜ್ಜಿ, ಇಬ್ಬರೂ ಒಬ್ಬಾಕಿನ.”

ಸಿಟ್ಟಿನಲ್ಲೂ ಪಾಠ ಹೇಳುವ ಆ ಕಣ್ಣುಗಳನ್ನು ನೋಡುತ್ತ ಆತಿಫ ಸಲಿಕೆ ಕೆಳಗಿಟ್ಟ. ಪಾಪ, ಹಳದಿ ಬಣ್ಣದ ಡಬ್ಬಿಯೊಳಗೇ ಇಟ್ಟ! ಬಣ್ಣ ಹಾರಿ ಅವಳ ದುಪಟ್ಟಾದ ಮೇಲೆಲ್ಲ ಬಿತ್ತು.

ಅವಳು ರಜಿಯಾ. ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿ ಸಮುದಾಯದ ಹುಡುಗಿ. ಆ ಕೇಂದ್ರದ ದೊಡ್ಡ ಗೋಡೆಯ ಮೇಲೆ ಈ ಕಾಡಿನ ಜೀವಗಳ ವಂಶವೃಕ್ಷ ಬರೆಸುವ ಯೋಜನೆ ಅವಳದು. ಬರೆಯಲು ಬಂದವನು ಇವನು.

“ನಿಮ್ಮ ಊರು ಯಾವುದ್ರಿ?” ಆತಿಫ ಹೆದರುತ್ತ ಕೇಳಿದ.

“ಸಾಂಬ್ರಾಣಿ ಹತ್ರ.”

“ಹೌದಾ? ಅಲ್ಲೇ ನಮ್ಮ ಮಾಮೂನ ಗ್ಯಾರೇಜ್ ಐತಿ!”

ರಜಿಯಾ ತಬ್ಬಿಬ್ಬಾದಳು. ಅವಳ ಗುಂಗುರು ಕೂದಲು ನೋಡಿದವರೆಲ್ಲ ‘ಯಾವ ದೇಶ?’ ಎಂದೇ ಕೇಳುತ್ತಿದ್ದರು. ಅವಳ ಅಜ್ಜನ ಅಜ್ಜ ಉತ್ತ ಹೊಲ ಹಳಿಯಾಳ ತಾಲ್ಲೂಕಿನಲ್ಲೇ ಇದ್ದರೂ ಅವಳು ಹೊರಗಿನವಳೇ. ಇವನೊಬ್ಬ ಊರು ಕೇಳಿದ, ನಂಬಿದ, ಗ್ಯಾರೇಜಿನ ಸುದ್ದಿ ತೆಗೆದ.

ಹುಡುಗಿ ಸೋತದ್ದು ಅಲ್ಲೇ. ಒಪ್ಪಿಕೊಳ್ಳಲು ಮಾತ್ರ ಆ ಮಳೆಗಾಲ ಪೂರ್ತಿ ಬೇಕಾಯಿತು!

ಗೋಡೆಯ ಮೇಲೆ ಕೊಂಬೆಗಳು ಬೆಳೆದವು. ಅವಳು ಕೆಳಗೆ ನಿಂತು ಹೇಳುವುದು, ಇವನು ಮೇಲೆ ಕೂತು ಬರೆಯುವುದು.

“ಹಾವು ಆ ಕಡೆ ಬರೀರಿ, ಹಲ್ಲಿ ಪಕ್ಕದಾಗ. ಸಿಸಿಲಿಯನ್ನಿಗಿಂತ ಹಾವು ನಮಗ ಹತ್ತಿರದ ಸಂಬಂಧ, ಗೊತ್ತೇನು?”

“ಹಂಗಾರ ನಮ್ಮ ಸಂಬಂಧಿಕರೊಳಗ ಹಾವು ಅದಾವು ಅಂತ ಅಮ್ಮಿ ಹೇಳೂದು ಖರೇನ!”

ಇಬ್ಬರೂ ಬಿದ್ದು ಬಿದ್ದು ನಕ್ಕರು.

ಆತಿಫನ ಅಂಗಡಿಯ ಪಾಲುದಾರ, ಗೋಡೆ ಬರೆಯಲು ಜೊತೆಗೆ ಬರುತ್ತಿದ್ದ ಮಲ್ಲೇಶನಿಗೆ ಇದೆಲ್ಲ ಬೇಗ ತಿಳಿಯಿತು. ದಿನಾ ಮುಂಜಾನೆ “ಅದು ಬಂತೇನಲೇ?” ಎಂದು ಛೇಡಿಸುತ್ತಿದ್ದ. ಈ ಕಡೆ ಮನೆಯ ಹುಡುಗಿಯನ್ನು ‘ಅದು’ ಅನ್ನುವುದೇ ಪ್ರೀತಿ. ಕೇಳಿದಾಗಲೆಲ್ಲ ರಜಿಯಾಳಿಗೆ ಒಳಗೊಳಗೇ ಖುಷಿ... ನಾನೂ ಇವರ ಪೈಕಿ ಆದೆನಲ್ಲ!

ಕೆಲಸ ಮುಗಿಯುತ್ತ ಬಂದಾಗ ಆತಿಫ ಹೇಳಿದ. “ಇವತ್ತು ಅಮ್ಮಿಗೆ ನಮ್ಮ ವಿಷಯ ಹೇಳ್ತೇನಿ. ನಿಕಾಹ್ ಆದ್ರ ನಿಮ್ಮನ್ನ ಆಗ್ತೇನಿ.”

ಮರುದಿನ ಉತ್ತರ ಕೇಳಲು ರಜಿಯಾ ದಾಂಡೇಲಿಯ ಅಂಗಡಿಗೆ ಹೋದಳು. ಒಳಗೆ ಆತಿಫ ಬೆನ್ನು ತಿರುಗಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ.

“ಅದು ಹೊರಗಿಂದು, ಮಲ್ಲೇಶ. ಬಳಗದಾಗ ಕೂಡಸಬ್ಯಾಡ... ಇಲ್ಲೋ ಮಾರಾಯ, ದೂರ ಇಡು. ಸುಮ್ಮ ಹೋಲಿಸಿ ನೋಡಾಕ ಇಟ್ಟೇವಿ, ಅಷ್ಟ!”

ರಜಿಯಾ ಹೊಸ್ತಿಲಲ್ಲೇ ನಿಂತಳು.

ಹೊರಗಿಂದು...! ಹೋಲಿಸಿ ನೋಡಲು ಇಟ್ಟುಕೊಂಡದ್ದು...! ಅಮ್ಮಿ ಒಪ್ಪಿಲ್ಲ ಅಂತ ಹೇಳಿದ್ದರೆ ಸಹಿಸುತ್ತಿದ್ದೆ. ನೀವೂ ಹೀಗೆ ಅಂದಿರಾ, ಆತಿಫ?

ಬಂದ ದಾರಿಯಲ್ಲೇ ತಿರುಗಿದಳು. ಆ ಸಂಜೆಯಿಂದ ಅವನ ಒಂದು ಕರೆಯನ್ನೂ ಎತ್ತಲಿಲ್ಲ. ಮನೆತನಕ ಬಂದವನಿಗೆ “ಇಲ್ಲ ಅಂತ ಹೇಳು” ಎಂದು ಅವ್ವನ ಕೈಲೇ ಹೇಳಿಸಿದಳು. ಒಳಗೆ ದಿಂಬು ಒದ್ದೆಯಾಯಿತು. ಒಂದು ಮಾತು ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು! ಆದರೆ ಗಾಯ ಹಳೆಯದಿದ್ದರೆ ಯಾರು ಕೇಳುತ್ತಾರೆ ಹೇಳಿ?

ಕೇಂದ್ರದ ಉದ್ಘಾಟನೆಯ ದಿನ ಬಂತು. ಹೋಗಬಾರದು ಅಂದುಕೊಂಡವಳು ಕೊನೆಗೆ ಎದ್ದು ನಿಂತಳು. ‘ಗೋಡೆ ನನ್ನದು. ಆ ಕಾಡು ನನ್ನದು. ಯಾರದೋ ಮಾತಿಗೆ ನಾನ್ಯಾಕೆ ಅಡಗಿ ಕೂಡಲಿ?’

ಜೊಯಿಡಾಕ್ಕೆ ಜನ ಬಂದಿದ್ದರು. ಶಾಲೆಯ ಮಕ್ಕಳು, ಗಾರ್ಡ್‌ಗಳು, ಸುತ್ತಲಿನ ಹಳ್ಳಿಯ ಹೆಂಗಸರು. ಮೂಲೆಯಲ್ಲಿ ಗಡ್ಡ ಬಿಟ್ಟ ಆತಿಫ, ಅವನ ಪಕ್ಕ ಬುರ್ಖಾದಲ್ಲಿ ಅವನ ತಾಯಿ ಶೈಸ್ತಾ. ರಜಿಯಾ ಆ ಕಡೆ ನೋಡಲೇ ಇಲ್ಲ.

ಪರದೆ ಸರಿಯಿತು. ಅಬ್ಬಾ, ಗೋಡೆ! ಕಪ್ಪೆಯ ಮಗ್ಗುಲಲ್ಲೇ ಸಿಸಿಲಿಯನ್ ಹೊಳೆಯುತ್ತಿತ್ತು. ಮಂಗಟ್ಟೆ ಹಕ್ಕಿ, ಹಾರುವ ಅಳಿಲು, ಕರಿಚಿರತೆ, ಎಲ್ಲವೂ ತಮ್ಮ ತಮ್ಮ ಕೊಂಬೆಯ ಮೇಲೆ. ರಜಿಯಾ ಮೈಕ್ ಹಿಡಿದು ಮಾತಾಡುತ್ತ ಹೋದಳು. ರೂಪ ನೋಡಿ ಮೋಸ ಹೋಗಬೇಡಿ, ವಂಶ ನೋಡಿ ಅಂದಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಮುಂದೆ ಕೂತಿದ್ದ ದುರ್ಗಪ್ಪ ಎಂಬ ಹಿರಿಯರು ಕೈ ಎತ್ತಿದರು. “ಬಾಯಾರ, ಆ ಮೀನು ಯಾಕ ಒಂದ ಆ ಮೂಲ್ಯಾಗ ನಿಂತೈತಿ?”

“ಅದು ಔಟ್‌ಗ್ರೂಪ್ ಅಜ್ಜಾರ, ಅಂದ್ರ...”

ಎನ್ನುತ್ತ ತಿರುಗಿದಳು. ಅವಳ ಇಂಗ್ಲಿಷ್ ಪದವನ್ನು ಜನರಿಗೆ ತಿಳಿಯುವ ಹಾಗೆ ಆತಿಫ ಮೀನಿನ ಕೆಳಗೆ ದುಂಡಗೆ ಬರೆದಿದ್ದ: ‘ಇದು ಹೊರಗಿಂದು. ಬಳಗವಲ್ಲ. ಹೋಲಿಸಿ ನೋಡಲು ಇಟ್ಟಿದ್ದು.’

ರಜಿಯಾ ಆ ಸಾಲನ್ನು ಮತ್ತೊಮ್ಮೆ ಓದಿದಳು.

ಯಾ ಅಲ್ಲಾಹ್... ಮೀನು! ಅವತ್ತು ಆತಿಫ ಫೋನಿನಲ್ಲಿ ಹೇಳಿದ್ದು ಮೀನಿನ ಬಗ್ಗೆ!

ಜನ ಕಾಯುತ್ತಿದ್ದರು. ಅವಳ ಕಣ್ಣು ತುಂಬಿತು, ದನಿ ಮಾತ್ರ ಗಟ್ಟಿಯಾಯಿತು.

“ಈ ಮೀನು ಹೊರಗ ಐತಿ ಅಂತ ಕೀಳಲ್ಲರಿ ಅಜ್ಜಾರ. ಇದರ ಜೋಡಿ ಹೋಲಿಸಿ ನೋಡಿದ ಮ್ಯಾಲ ಈ ಗಿಡದ ಬುಡ ಯಾವ ಕಡೆ ಅಂತ ಗೊತ್ತಾತು. ಇನ್ನೂ ಹಿಂದಕ ಹೋದ್ರ ಈ ಮೀನಿಗೂ, ನಮಗೂ ಅಜ್ಜಿ ಒಬ್ಬಾಕಿನ. ಈ ಗೋಡೆ ಮುಂದ ನಿಂತವರೊಳಗ ಹೊರಗಿನವರು ಒಬ್ಬರೂ ಇಲ್ಲ!”

ಕೂಗು, ಸಿಳ್ಳೆ, ಚಪ್ಪಾಳೆ! ಅದು ನಿಲ್ಲುವ ಮೊದಲೇ ಅವಳು ಮೈಕ್ ಇಟ್ಟು ಜನರ ನಡುವೆ ನುಗ್ಗಿ ಆತಿಫನ ಮುಂದೆ ನಿಂತಿದ್ದಳು.

“ಅವತ್ತು ಅಂಗಡ್ಯಾಗ, ಫೋನಿನ್ಯಾಗ... ಹೊರಗಿಂದು ಅಂದದ್ದು ಮೀನಿಗೇನು?”

“ಮತ್ಯಾರಿಗ? ಮಲ್ಲೇಶ ಅದನ್ನ ಕಪ್ಪಿ ಪಕ್ಕದಾಗ ಬರದಿದ್ದ!” ಅಂದ ಆತಿಫನ ಮುಖ ನಿಧಾನವಾಗಿ ಬಿಳಿಚಿತು. “ನೀವು... ನಿಮಗ ಅಂದೆ ಅಂತ ತಿಳಕೊಂಡ್ರೇನು?”

“ಹ್ಞೂಂ.”

“ಒಂದ ಮಾತು ನನ್ನ ಕೇಳಬೇಕಿತ್ತು, ರಜಿಯಾ. ಹುಚ್ಚಾಗಿದ್ದೆ ನಾ.”

“ತಪ್ಪಾತು. ಹುಟ್ಟಿದಾಗಿಂದ ಆ ಮಾತು ಕೇಳೇನಿ. ಮತ್ತೊಮ್ಮೆ ಕೇಳಿದಾಗ ನನಗ ಅಂತನ ಅನಿಸಿಬಿಡ್ತು...” ಅವಳು ಬಿಕ್ಕಿದಳು. “ನೀವಂದ್ರ ನನಗ ಜೀವ, ಆತಿಫ.”

ಶೈಸ್ತಾ ಮುಂದೆ ಬಂದು ಅವಳ ಗಲ್ಲ ಹಿಡಿದರು. “ಬೇಟಿ, ಇವ ಹೇಳಿದ ದಿನಾನ ನಾ ಹ್ಞೂಂ ಅಂದೇನಿ. ಯಾವ ಖಾನದಾನ್ ಅಂತ ನಮ್ಮ ಮಂದಿ ಕೇಳಿದ್ರು. ಸಾಂಬ್ರಾಣಿ ಕಡೆಯವರು, ನಮ್ಮ ಬೀಗರು ಅಂದೆ. ಬಾಯಿ ಮುಚ್ಚಿದ್ರು! ನಾಳೆ ನಿಮ್ಮ ಮನಿಗೆ ಬರೂಣೇನು?”

“ನಾಳೆ ಬ್ಯಾಡ್ರಿ.”

ತಾಯಿ, ಮಗ ಇಬ್ಬರೂ ಗಾಬರಿಯಾದರು.

“ಇವತ್ತ ಬರ್ರಿ,” ಎಂದು ರಜಿಯಾ ಕಣ್ಣೊರೆಸಿಕೊಂಡಳು. “ಹಳಿಯಾಳದ ಬಸ್ ಈಗ ಬಿಡತೈತಿ. ತಪ್ಪಿತಂದ್ರ ಮತ್ತ ಯಾವಾಗೋ!”

ಮೂವರೂ ಓಡಿದರು. ನಿಲ್ದಾಣದಲ್ಲಿ ಇಂಜಿನ್ ಆಗಲೇ ಗುರುಗುಡುತ್ತಿತ್ತು. ಶೈಸ್ತಾರನ್ನು ಹತ್ತಿಸಿ, ತಾನೂ ಮೆಟ್ಟಿಲೇರಿದ ರಜಿಯಾ ಕೆಳಗೆ ಏದುಸಿರು ಬಿಡುತ್ತಿದ್ದವನಿಗೆ ಕೈ ಚಾಚಿದಳು.

“ಲಗೂನ ಬರ್ರಿ!”

ಆತಿಫ ಆ ಕೈ ಹಿಡಿದ. ಆದರೆ ಹತ್ತಲಿಲ್ಲ.

“ಇನ್ನೂ ಬರ್ರಿ ಅಂತೀಯೇನು ನನಗ?”

ಇಡೀ ಬಸ್ಸು ನೋಡುತ್ತಿತ್ತು. ನೋಡಲಿ! ರಜಿಯಾ ಅವನ ಬೆರಳು ಬಿಗಿಯಾಗಿ ಹಿಡಿದು ಜಗ್ಗಿದಳು.

“ಬಾ.”