ಮೊದಲೇ ಇಳಿದಿದ್ದ ಲಿಫ್ಟು

ಮಂಗಳವಾರ ಬೆಳಗ್ಗೆ ಸ್ಟೇಷನ್ ಮಾಸ್ಟರು ಠಾಣೆಗೆ ಬಂದು ದೂರು ಕೊಟ್ಟರು. ಅವರ ನೆಲದಡಿಯ ರೈಲು ನಿಲ್ದಾಣದ ಎಸ್ಕಲೇಟರನ್ನು ಯಾರೋ ಪದೇ ಪದೇ ನಿಲ್ಲಿಸುತ್ತಿದ್ದಾರೆ. ಅಂದು, ನಿಂತುಹೋದ ಮೆಟ್ಟಿಲು ಹತ್ತಲು ಹೋದ ಅಜ್ಜಿಯೊಬ್ಬರು ಎಡವಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ.

"ಕಸ ಗುಡಿಸೋಳದೇ ಕೆಲಸ. ಅದು ನಿಂತಾಗೆಲ್ಲ ಅವಳು ಅಲ್ಲೇ ಇರ್ತಾಳೆ," ಎಂದು ಮಾಸ್ಟರು ತೀರ್ಪನ್ನೂ ಕೊಟ್ಟುಬಿಟ್ಟರು. ಸಂಜೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಅವಳ ಕೆಲಸಕ್ಕೆ ಕುತ್ತು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿ, 'ಗಡಿಬಿಡಿ' ಎಂದೇ ಹೆಸರಾದ ಪೇದೆಯೊಂದಿಗೆ ಹೊರಟರು. ಈಯಮ್ಮನಿಗೆ ಯಾರ ಮೇಲೂ ನಂಬಿಕೆಯಿಲ್ಲ. ದೂರು ಕೊಟ್ಟವರ ಮೇಲಂತೂ ಮೊದಲೇ ಇಲ್ಲ.

ನಿಲ್ದಾಣ ಹಳೆಯದು. ಟಿಕೆಟ್ ಕಿಟಕಿ, ಕಳೆದುಹೋದ ಸಾಮಾನಿನ ಕೋಣೆ, ಗೋಡೆಯ ಮೇಲೆ ಉದ್ಘಾಟನೆಯ ದಿನದ ದೊಡ್ಡವರ ಫೋಟೋ, ಹೆಸರುಗಳು, ಕಂಬಿ ಬಾಗಿಲಿನ ಲಿಫ್ಟು. ಹೋದ ವರ್ಷ ಎಸ್ಕಲೇಟರ್ ಬಂದ ಮೇಲೆ ಲಿಫ್ಟಿನ ಕಡೆ ತಲೆ ಹಾಕುವವರಿಲ್ಲ. ಪೊಲೀಸರು ಅದರಲ್ಲೇ ಇಳಿದರು.

"ಈ ಸುರಂಗ ಪೂರ್ತಿ ಕೈಯಲ್ಲೇ ಅಗೆದಿದ್ದು ಮೇಡಂ," ಎಂದು ಲಿಫ್ಟ್ ಆಪರೇಟರು ಶುರುಮಾಡಿದ. "ನಮ್ಮಪ್ಪನೂ ಇದ್ರು. ಒಂದಿನ ಏನಾಯ್ತಪ್ಪಾ ಅಂದ್ರೆ..."

ಅಷ್ಟರಲ್ಲಿ ಲಿಫ್ಟು ಕೆಳಗೆ ಮುಟ್ಟಿತು. ಇನ್‌ಸ್ಪೆಕ್ಟರಮ್ಮ ಇಳಿದು ನಡೆದರು.

ಎಸ್ಕಲೇಟರ್ ನಿಲ್ಲಿಸುವ ಕೆಂಪು ಗುಂಡಿ ದೊಡ್ಡ ಕಂಬದ ಮರೆಯಲ್ಲಿತ್ತು. ಕ್ಯಾಮೆರಾಕ್ಕೆ ಕಾಣುವಂತಿರಲಿಲ್ಲ. ಇಬ್ಬರು ಪ್ರಯಾಣಿಕರನ್ನು ಪಂಚರಾಗಿ ನಿಲ್ಲಿಸಿ ಪಂಚನಾಮೆ ಬರೆದರು. ಬೆರಳಗುರುತುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಕಸ ಗುಡಿಸುವ ಹೆಂಗಸನ್ನು ಠಾಣೆಗೆ ಕರೆಸಿದರು.

"ನಿಂತಾಗೆಲ್ಲ ನೀನು ಯಾಕಮ್ಮ ಅಲ್ಲಿರ್ತೀಯ?"

"ಮೆಟ್ಟಿಲ ಸಂದಿಯ ಕಸ ನಿಂತಾಗಲೇ ತೆಗೀಬೇಕು ಮೇಡಂ. ಓಡ್ತಿದ್ದಾಗ ಕೈ ಹಾಕಕ್ಕಾಗುತ್ತಾ?"

"ಅಂದ್ರೆ ನಿಂತ್ರೆ ನಿಂಗೇ ಅನುಕೂಲ."

"ಅಯ್ಯೋ, ಮೈಮುರಿಯೋ ಕೆಲಸಕ್ಕೆ ಅನುಕೂಲ ಅಂತೀರಲ್ಲ! ಮಾಡದ ತಪ್ಪನ್ನ ನನ್ನ ತಲೆಗೆ ಕಟ್ಟಬೇಡಿ."

ಗಡಿಬಿಡಿ ಪಿಸುಗುಟ್ಟಿದ: "ಇವಳೇ ಮೇಡಂ. ಒಳಗೆ ಹಾಕೋಣ?"

"ನೀನು ಸ್ವಲ್ಪ ಸುಮ್ನಿರಪ್ಪ."

ಮಧ್ಯಾಹ್ನ ನಿಲ್ದಾಣಕ್ಕೆ ಮರಳಿ ಕ್ಯಾಮೆರಾದ ದೃಶ್ಯಗಳನ್ನು ನೋಡುತ್ತ ಕೂತರು. ಗುಂಡಿಯಂತೆ ಕೆಳಗಿನ ಲಿಫ್ಟಿನ ಬಾಗಿಲೂ ಕಂಬದ ಮರೆಯಲ್ಲೇ ಇತ್ತು. ಕಾಣುತ್ತಿದ್ದದ್ದು ಅದರ ಮೇಲಿನ ದೀಪ ಮಾತ್ರ. ಲಿಫ್ಟು ಕೆಳಗೆ ಬಂದರೆ ಅದು ಹೊತ್ತಿಕೊಳ್ಳುತ್ತದೆ. ಪ್ರತಿ ಸಲವೂ ಮೊದಲು ದೀಪ ಹೊತ್ತಿತ್ತು, ಆಮೇಲೆ ಎಸ್ಕಲೇಟರ್ ನಿಂತಿತ್ತು. ಮೇಲಿನ ಕ್ಯಾಮೆರಾದಲ್ಲಿ ನೋಡಿದರೆ ಲಿಫ್ಟು ಪ್ರತಿ ಸಲವೂ ಪ್ರಯಾಣಿಕರಿಲ್ಲದೆಯೇ ಇಳಿದಿತ್ತು.

"ಜನ ಇಲ್ದಾಗ ಲಿಫ್ಟ್ ಎಲ್ಲಿರಬೇಕು?" ಎಂದು ಮಾಸ್ಟರನ್ನು ಕೇಳಿದರು.

"ಮೇಲೆ. ಅದೇ ನಿಯಮ. ಕೆಳಗಿಂದ ಯಾರಾದ್ರೂ ಗಂಟೆ ಒತ್ತಿದ್ರೆ ಮಾತ್ರ ಇಳೀಬೇಕು."

"ಎಸ್ಕಲೇಟರ್ ಇನ್ನೂ ಓಡ್ತಿದ್ದಾಗ ಗಂಟೆ ಯಾರು ಒತ್ತಿದ್ರು?"

ಮಾಸ್ಟರು ಪಿಳಿಪಿಳಿ ಕಣ್ಣು ಬಿಟ್ಟರು.

ಠಾಣೆಗೆ ಕರೆತಂದ ಆಪರೇಟರು ಹೆಚ್ಚು ಸತಾಯಿಸಲಿಲ್ಲ.

"ಎಸ್ಕಲೇಟರ್ ನಿಂತ್ಮೇಲೆ ಎಲ್ಲಾ ಒಟ್ಟಿಗೆ ಲಿಫ್ಟಿಗೆ ಬಂದ್ರೆ ಜನ ಕಾಯ್ಬೇಕಾಗುತ್ತಲ್ಲ ಮೇಡಂ. ಅದಕ್ಕೇ ಮೊದ್ಲೇ ಇಳಿಸಿ, ಆಮೇಲೆ ಗುಂಡಿ ಒತ್ತುತ್ತಿದ್ದೆ."

"ಯಾಕ್ರೀ ಈ ಕೆಲಸ?"

"ನಮ್ಮಪ್ಪ ಈ ಸುರಂಗ ಅಗೆಯುವಾಗ ಮಣ್ಣು ಕುಸಿದು ಹೋದ್ರು. ಗೋಡೆ ಮೇಲೆ ರಿಬ್ಬನ್ ಕತ್ತರಿಸಿದೋರ ಹೆಸರೆಲ್ಲ ಇದೆ, ಅವರ ಹೆಸರಿಲ್ಲ. ಲಿಫ್ಟಲ್ಲಾದ್ರೆ ನಿಂತೋರು ಅವರ ಕತೆ ಕೇಳ್ಲೇಬೇಕಿತ್ತು. ಎಸ್ಕಲೇಟರ್ ಬಂದ್ಮೇಲೆ ಯಾರಿಗೆ ಹೇಳ್ಲಿ? ಅಜ್ಜಿ ಬೀಳ್ತಾರೆ ಅಂತ ದೇವ್ರಾಣೆ ಗೊತ್ತಿರ್ಲಿಲ್ಲ."

"ಈ ಹೆಂಗಸಿನ ಕೆಲಸ ಹೋಗೋದು ಗೊತ್ತಿತ್ತಲ್ಲ? ಆಗಲೂ ಬಾಯಿ ಬಿಡ್ಲಿಲ್ಲ."

ಬೆಂಚಿನ ಮೇಲಿದ್ದ ಕಸ ಗುಡಿಸುವ ಹೆಂಗಸು ಎದ್ದು ನಿಂತಳು.

"ದಿನಾ ಬಕೆಟ್ ಹಿಡ್ಕೊಂಡು ನಿಮ್ ಲಿಫ್ಟಲ್ಲೇ ಇಳೀತಿದ್ನಲ್ಲ ಅಣ್ಣ. ನಾನು ಕೇಳಿದ್ದು ಲೆಕ್ಕಕ್ಕಿಲ್ವಾ?"

ಸಂಜೆ ಐದೂವರೆಗೆ ಬಂಧನವಾಯಿತು. ಗಡಿಬಿಡಿ ಬಂಧನ ಪತ್ರ ತುಂಬಿಸಲು ಕೂತ.

"ತಂದೆ ಹೆಸರು?"

ಆಪರೇಟರು ಮುಖ ಮುಚ್ಚಿಕೊಂಡ. ಗಡಿಬಿಡಿ ಇನ್ನೊಮ್ಮೆ ಕೇಳಿದ. ಆಗ ಕಸ ಗುಡಿಸುವ ಹೆಂಗಸೇ ಆ ಹೆಸರನ್ನು ಹೇಳಿ, ಬರೆಯುವ ತನಕ ಪಕ್ಕದಲ್ಲೇ ನಿಂತಿದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದಳು.