ಯಾರು ಮೊದಲು ಹೇಳಬೇಕು?

"ಮಿಸ್, ಯಾರೋ ಸಾರ್ ಬಂದವ್ರೆ!"

ಕೋಮಲ ಬಾಗಿಲ ಕಡೆ ತಿರುಗಿದಳು.

ಅವನೇ... ಸಿದ್ಧಾರ್ಥ!

ಪಾಠ ನೋಡಲು ಸುತ್ತಲಿನ ಶಾಲೆಗಳ ಉಸ್ತುವಾರಿಯ ಹೊಸ ಸಿಆರ್‌ಪಿ ಬರುತ್ತಾರೆ ಎಂದು ಮುಖ್ಯ ಶಿಕ್ಷಕಿ ಹೇಳಿದ್ದರು. ತಗಡೂರಿನ ಹತ್ತಿರದ ಈ ಪುಟ್ಟ ಶಾಲೆಗೆ ಇವನೇ ಬರುತ್ತಾನೆಂದು ಯಾರಿಗೆ ಗೊತ್ತಿತ್ತು? ಹೋದ ತಿಂಗಳು ತಲಕಾಡಿನಿಂದ ಅಪ್ಪ ಅಮ್ಮನ ಜೊತೆ ಬಂದು ಅವಳನ್ನು ನೋಡಿಕೊಂಡು ಹೋದವನು. ಶಾಲೆ, ಮಕ್ಕಳು ಅಂತ ಅಷ್ಟೊಂದು ಮಾತಾಡಿ ನಗುನಗುತ್ತಾ ಹೋದವನು ಆಮೇಲೆ ಪತ್ತೆಯೇ ಇಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಬೇಡ ಅಂದಿದ್ದರೆ ಒಂದು ರಾತ್ರಿ ಅತ್ತು ಸುಮ್ಮನಾಗುತ್ತಿದ್ದಳು. ಈ ಮೌನವನ್ನು ಏನು ಮಾಡುವುದು?

ಇವತ್ತು ಬೆಳಿಗ್ಗೆ ಅಣ್ಣ ರಾಹುಲ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. "ಎಷ್ಟು ದಿನ ಅಂತ ಕಾಯೋದವ್ವಾ? ಆ ನರಸೀಪುರದ ಗಂಡಿನೋರು ಒಪ್ಪವ್ರೆ. ಸಾಯಂಕಾಲ ಅವ್ರಿಗೆ ಹೂಂ ಅಂದ್ಬುಡ್ತೀನಿ."

"ಮುಂದುವರಿಸಿ ಮೇಡಂ," ಎಂದು ಸಿದ್ಧಾರ್ಥ ಮಕ್ಕಳ ಹಿಂದೆ ಚಾಪೆಯ ಮೇಲೇ ಕುಳಿತ. ಮುಖ ಗಂಟಿಕ್ಕಿತ್ತು.

ಮೇಡಂ ಅಂತೆ, ಮೇಡಂ! ಕೋಮಲಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಒಂದನೇ ತರಗತಿಯ ಮಕ್ಕಳ ಕಡೆ ತಿರುಗಿದಳು.

"ನಮ್ ಕ್ಲಾಸಿಗೆ ನಾವೇ ರೂಲ್ಸ್ ಮಾಡ್ಕೊಳೋಣ ಅಂದಿದ್ವಲ್ಲ? ಅದಕ್ಕೂ ಮುಂಚೆ ಗುರಿ. ಈ ತಿಂಗಳು ಯಾರು ಏನು ಮಾಡ್ತೀರಿ?"

"ನಾನು ಅಳ್ದೆ ಬತ್ತೀನಿ ಮಿಸ್!"

"ನಾನು ನನ್ ಎಸ್ರು ಬರೀತೀನಿ!"

"ನಾನು ಲಾರಿ ಓಡುಸ್ತೀನಿ!"

"ಈ ತಿಂಗಳೇನಾ?"

ಮಕ್ಕಳೆಲ್ಲ ಗೊಳ್ಳೆಂದರು. ಹಿಂದಿನಿಂದ ಒಂದು ದೊಡ್ಡವರ ನಗುವೂ ಕೇಳಿಸಿತು. ಕೋಮಲ ಅತ್ತ ನೋಡಲೇ ಇಲ್ಲ.

ನಿಯಮಗಳು ಒಂದೊಂದಾಗಿ ಚಾರ್ಟಿನ ಮೇಲೆ ಬಂದವು. ಹೊಡೆಯಬಾರದು. ಬಳಪ ಕಿತ್ತುಕೊಳ್ಳಬಾರದು. ಅಷ್ಟರಲ್ಲಿ ಧನುಶ್ರೀ ಎದ್ದು ನಿಂತಳು.

"ಮಿಸ್, ರಘು ನನ್ ಜೊತೆ ಠೂ ಬಿಟ್ಟವ್ನೆ!"

"ಇಲ್ಲ ಮಿಸ್! ಅವ್ಳೇ ಮಾತಾಡ್ಸ್ಲಿ ಅಂತ ಕಾಯ್ತಿದ್ದೆ," ಎಂದ ಪಕ್ಕದಲ್ಲಿದ್ದ ರಘು.

"ನಾನೂ ಅದ್ಕೇ ಕಾಯ್ತಿದ್ದೆ ಕಣೋ!"

"ಹಂಗಾದ್ರೆ ಇದಕ್ಕೆ ಏನು ರೂಲ್ ಮಾಡೋಣ?" ಕೋಮಲ ಕೇಳಿದಳು.

ಧನುಶ್ರೀ ಯೋಚಿಸಲೂ ಇಲ್ಲ. "ಯಾರ್ಗೆ ಮಾತಾಡ್ಬೇಕು ಅನ್ಸುತ್ತೋ ಅವ್ರೇ ಮೊದ್ಲು ಮಾತಾಡ್ಬೇಕು. ಕಾಯ್ಬಾರ್ದು!"

ಕೋಮಲಳ ಪೆನ್ನು ಚಾರ್ಟಿನ ಮೇಲೆ ನಿಂತುಬಿಟ್ಟಿತು. ಹೇಗೋ ಬರೆದು ಮುಗಿಸುವಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ಸಿದ್ಧಾರ್ಥ ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ಹೊರಟ.

ಹೋಗಿಬಿಡುತ್ತಾನೆ... ಸಾಯಂಕಾಲ ಅಣ್ಣ ಹೂಂ ಅಂದುಬಿಡುತ್ತಾನೆ!

"ಸರ್..." ಕೋಮಲ ಅವನ ಹಿಂದೆಯೇ ಬಂದಳು. "ಇಷ್ಟ ಇಲ್ದಿದ್ರೆ ಹೇಳ್ಬೋದಿತ್ತು."

ಅವನು ಬೆರಗಾಗಿ ನಿಂತ. "ನಾನಾ? ನಿಮ್ ಉತ್ರಕ್ಕೆ ಕಾಯ್ತಿರೋದು ನಾನಲ್ವಾ!"

"ನನ್ನ ಯಾರು ಕೇಳಿದ್ರು?"

"ಮಾದಪ್ಪಣ್ಣನ ಕೈಲಿ ಹೇಳಿ ಕಳ್ಸಿದ್ದೆನಲ್ಲ! ಮೊದ್ಲು ಹುಡುಗಿಗೆ ಇಷ್ಟಾನಾ ಕೇಳಿ, ಅವ್ರು ಹೇಳೋವರ್ಗೂ ನಾವೇನೂ ಹೇಳಲ್ಲ ಅಂತ."

ಸಂಬಂಧ ತಂದಿದ್ದ ಮಾದಪ್ಪ ಕೇಳಿರಲೇ ಇಲ್ಲ. ಪಾಪ, ಅವನಾದರೂ ಏನು ಮಾಡಿಯಾನು? ಗಂಡಿನ ಕಡೆಯವರು ಹೇಳಿ ಕಳಿಸುವ ತನಕ ಹೆಣ್ಣಿನ ಕಡೆಯವರು ಬಾಯಿ ಬಿಡುವುದುಂಟೇ? ಮೊದಲು ಹುಡುಗಿಯನ್ನು ಕೇಳಿ ಅಂದರೆ ಅದು ನಯವಾಗಿ ಬೇಡ ಅಂದಂತೆ ಎಂದುಕೊಂಡು ಸುಮ್ಮನಾಗಿದ್ದ.

"ಹೆಣ್ಣನ್ನ ಮೊದ್ಲು ಕೇಳೋ ಗಂಡು ನಮ್ ಕಡೆ ಎಲ್ಲಿದಾರೆ ಸರ್?" ಕೋಮಲಳ ಕಣ್ಣು ತುಂಬಿ ಬಂತು.

"ನಿಮ್ಗೆ ಇಷ್ಟ ಇಲ್ಲ ಅಂದ್ಕೊಂಡೆ. ಈ ಶಾಲೆ ಬಾಗ್ಲಿಗೆ ಬರೋಕೇ ಕಾಲು ಏಳ್ತಿರ್ಲಿಲ್ಲ..." ಅವನು ಬ್ಯಾಗು ಕೆಳಗಿಟ್ಟ. "ಕೋಮಲ, ಶಾಲೆ ಕೆಲ್ಸ ಮುಗೀತು. ಇದನ್ನ ಸಿಆರ್‌ಪಿಯಾಗಿ ಕೇಳ್ತಿಲ್ಲ. ನಂಗೆ ನೀವು ತುಂಬಾ ಇಷ್ಟ. ನಿಮ್ಗೆ?"

ಅವಳು ಫೋನ್ ತೆಗೆದು ಅಣ್ಣನಿಗೆ ಹಚ್ಚಿದಳು.

"ಅಣ್ಣಾ... ನರಸೀಪುರದೋರಿಗೆ ಬೇಡ ಅಂದ್ಬುಡು. ನಂಗೆ ತಲಕಾಡಿನೋರೇ ಇಷ್ಟ."

"ಅವ್ರು ಏನೂ ಹೇಳಿಲ್ವಲ್ಲವ್ವಾ!"

"ನಾನ್ ಹೇಳ್ತಿದ್ದೀನಲ್ಲ ಅಣ್ಣಾ!"

ಅತ್ತ ಕಡೆ ರಾಹುಲ್ ಮೆಲ್ಲಗೆ ನಕ್ಕ. "ಇದ್ನ ಬೆಳಿಗ್ಗೇನೇ ಹೇಳ್ಬಾರ್ದಾಗಿತ್ತಾ ಹುಚ್ಚಿ? ಸರಿ, ಬುಡು."

ಫೋನ್ ಇಟ್ಟ ಮೇಲೂ ಅವಳ ಕೈಯ ನಡುಕ ನಿಲ್ಲಲಿಲ್ಲ.

"ನಡುಗ್ತಿದೀರಾ," ಎಂದ ಸಿದ್ಧಾರ್ಥ.

"ಹೂಂ."

"ನಾನೂ..." ಅವನು ಕೈ ಚಾಚಿ ತೋರಿಸಿದ. ನಿಜವಾಗಿಯೂ ನಡುಗುತ್ತಿತ್ತು. ಕೋಮಲ ಅಳುತ್ತಲೇ ನಕ್ಕು ಆ ಕೈ ಹಿಡಿದುಕೊಂಡಳು.

"ಈಗ ನಿಂತಾ?" ಎಂದು ಕೇಳಿದಳು.

"ಇನ್ನೂ ಇಲ್ಲ... ಬಿಡ್ಬೇಡಿ."