ಬಾರದ ಸಾಡೊ

ದೋಣಿಯಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದು ಪಾಸ್ಕುವಿನ ಎದುರಿಗೆ.

ನತಾಲಿನ್ ದಂಡೆಯಲ್ಲೇ ಒಂದು ಕ್ಷಣ ನಿಂತಳು. ಅವನ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಎದೆ ಹೊಡೆದುಕೊಳ್ಳಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಏನೂ ಆಗಲಿಲ್ಲ... ಸೀರೆಯ ನೆರಿಗೆ ಎತ್ತಿ ಹಿಡಿದು, ಹತ್ತಿ ಕೂತಳು.

1962ರ ಜನವರಿ, ಶನಿವಾರ. ಭಟ್ಕಳದ ಕಡೆಯಿಂದ ಬರುವ ಬಸ್ಸು ಕಾಸರಕೋಡಿನ ದಂಡೆಯಲ್ಲೇ ನಿಲ್ಲುತ್ತಿತ್ತು. ಹೊನ್ನಾವರ ಸೇರಬೇಕಾದವರು ಶರಾವತಿಯನ್ನು ದೋಣಿಯಲ್ಲಿ ದಾಟಬೇಕು. ನತಾಲಿನ್ ಚಿಕ್ಕಮ್ಮನ ಮನೆಯಿಂದ ಊರಿಗೆ ಮರಳುತ್ತಿದ್ದಳು. ಸಂಜೆ ಅಣ್ಣ ಇನಾಸನ ಜೊತೆ ಪಾದ್ರಿಗಳ ಬಳಿ ಹೋಗಿ ಹೆಸರು ಬರೆಸಬೇಕಿತ್ತು. ನಾಳೆಯಿಂದ ಮೂರು ಭಾನುವಾರ ಇಗರ್ಜಿಯಲ್ಲಿ ಅವಳ ಹೆಸರನ್ನೂ ಕುಮಟಾದ ಒಬ್ಬ ವಿಧುರನ ಹೆಸರನ್ನೂ ಕೂಗುತ್ತಾರೆ. ಆಮೇಲೆ ಮದುವೆ.

ಒಳ್ಳೆಯ ಮನುಷ್ಯ, ಕಿರಾಣಿ ಅಂಗಡಿಯಿದೆ ಎಂದಿದ್ದ ಇನಾಸ. ಅವಳು "ಆತು" ಎಂದಿದ್ದಳು. ಈ ನಾಲ್ಕು ವರ್ಷದಲ್ಲಿ ಯಾರು ಏನು ಕೇಳಿದರೂ ಅವಳದು ಅದೊಂದೇ ಉತ್ತರ.

ಪಾಸ್ಕು ಭಟ್ಕಳದಲ್ಲಿ ಟೇಲರ್. ಐವತ್ತೆಂಟರಲ್ಲಿ ಇಬ್ಬರ ಮದುವೆ ನಿಶ್ಚಯವಾಗಿತ್ತು. ವಧು ಉಡುವ ಕೆಂಪು ಸೀರೆ, ಸಾಡೊ, ಅದನ್ನು ವರನೇ ತರುವುದು ಅವರ ಜನರ ಪದ್ಧತಿ. ಗೊತ್ತುಮಾಡಿದ ಭಾನುವಾರ ಪಾಸ್ಕು ಬಂದ, ಸಾಡೊ ಬರಲಿಲ್ಲ. ಸಾಡೊಗೆ ಕೂಡಿಟ್ಟ ದುಡ್ಡೆಲ್ಲಿ ಎಂದು ಇನಾಸ ಕೇಳಿದಾಗ ಖರ್ಚಾಯಿತು ಎಂದನೇ ಹೊರತು ಯಾವುದಕ್ಕೆಂದು ಬಾಯಿ ಬಿಡಲಿಲ್ಲ. ಕುಡಿತಕ್ಕೆ ಎಂದರು ಒಬ್ಬರು, ಇಸ್ಪೀಟಿಗೆ ಎಂದರು ಇನ್ನೊಬ್ಬರು. ಇನಾಸ ಸಂಬಂಧ ಮುರಿದ.

ನತಾಲಿನ್ ಎರಡನ್ನೂ ನಂಬಿರಲಿಲ್ಲ. ಆದರೆ ಅವಳೊಬ್ಬಳೇ ಇದ್ದು ಕೇಳಿದಾಗಲೂ ಅವನು ತಲೆ ತಗ್ಗಿಸಿದ್ದ. ಅಂದೇ ಅವಳೊಳಗೆ ಏನೋ ಆರಿಹೋಗಿತ್ತು.

ಈಗ ನಡುಹೊಳೆಯಲ್ಲಿ, ದೋಣಿ ನಡೆಸುವ ಜಟ್ಟ ತನ್ನ ತಮ್ಮನ ಕೈಗೆ ಹುಟ್ಟು ಕೊಟ್ಟು ಕಾಸು ಕೇಳುತ್ತ ಬಂದ. ಪಾಸ್ಕು ಚಾಚಿದ ಹತ್ತು ಪೈಸೆಯನ್ನು ಮಾತ್ರ ಹಿಂದಕ್ಕೆ ತಳ್ಳಿದ. ಬಸಳೆ ಬುಟ್ಟಿಯ ಹಿಂದೆ ಕೂತಿದ್ದ ತಿಮ್ಮಕ್ಕನ ಕಣ್ಣಿಗೆ ಅದು ಬಿತ್ತು.

"ಎಂತ ಜಟ್ಟ, ಟೇಲರ್ರು ನಿನ್ನ ಅಳಿಯನಾ? ಅವ್ರಿಗೆ ಪುಕ್ಕಟೆ, ಮುದುಕಿ ನಂಗೆ ಹತ್ತು ಪೈಸೆ?"

"ನೀ ಕೂತ ದೋಣಿ ಅವ್ರು ಕೊಡ್ಸಿದ್ದು, ತಿಮ್ಮಕ್ಕ."

"ಸುಮ್ನಿರು ಜಟ್ಟ," ಎಂದ ಪಾಸ್ಕು.

"ನಾಲ್ಕು ವರ್ಷ ಸುಮ್ನಿದ್ದೆ. ನೀವು ಈ ಕಡೆ ಬರೂದೇ ಬಿಟ್ರಿ. ಇನ್ನೆಷ್ಟು ದಿನ?"

ಪಾಸ್ಕುವಿನ ಎದುರು ಕೂತವಳು ಯಾರೆಂದು ಜಟ್ಟನಿಗೆ ಗೊತ್ತಿರಲಿಲ್ಲ. ಐವತ್ತೆಂಟರ ನೆರೆಯಲ್ಲಿ ತನ್ನ ಹಳೆಯ ದೋಣಿ ಸಮುದ್ರ ಸೇರಿದ್ದನ್ನು, ಮನೆಯಲ್ಲಿ ಒಲೆ ಹತ್ತದೆ ಹೋದದ್ದನ್ನು ಅವನು ಹೇಳಿದ. ಟೇಲರ್ರು ನೂರೈವತ್ತು ರೂಪಾಯಿ ಕೈಗಿಟ್ಟು, ತಿರುಗಿ ಕೊಡುವುದೂ ಬೇಡ, ಯಾರಿಗೂ ಹೇಳುವುದೂ ಬೇಡ ಎಂದು ಆಣೆ ಹಾಕಿಸಿದ್ದನ್ನೂ ಹೇಳಿದ.

ಕಾಸು ಕಟ್ಟಿದ ಕರ್ಚೀಫಿನ ಗಂಟು ಬಿಚ್ಚುತ್ತಿದ್ದ ನತಾಲಿನಳ ಬೆರಳು ನಿಂತವು.

"ಅದು ಸಾಡೊ ದುಡ್ಡಾ?" ಎಂದು ಪಾಸ್ಕುವನ್ನು ಕೇಳಿದಳು.

"ದೇವರ ಡಬ್ಬಿಯಲ್ಲಿ ಮೂವತ್ತೇ ಇತ್ತು. ಉಳಿದ ನೂರಿಪ್ಪತ್ತು ಸಾಡೊದ್ದು."

ಆ ಡಬ್ಬಿ ಅವಳಿಗೆ ಗೊತ್ತು. ಕೂಲಿ ಕೈಗೆ ಬಂದ ದಿನವೇ ಹತ್ತರಲ್ಲೊಂದು ದೇವರ ಪಾಲೆಂದು, ಕಷ್ಟದಲ್ಲಿದ್ದವರಿಗೆ ಕೊಡಲು ಆ ಡಬ್ಬಿಗೆ, ಇನ್ನೊಂದು ಪೋಸ್ಟಾಫೀಸಿಗೆ, ಉಳಿದದ್ದು ಹೊಟ್ಟೆಬಟ್ಟೆಗೆ. ಅವನ ತಾಯಿ ಹಾಕಿಕೊಟ್ಟ ಕ್ರಮ. ಆ ಕ್ರಮ ಕಂಡೇ ಅವಳು ಅವನನ್ನು ಮೆಚ್ಚಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಬಲಗೈ ಕೊಟ್ಟದ್ದು ಎಡಗೈಗೆ ತಿಳೀಬಾರದು ಅಂತ ಅವ್ವ ಕಲಿಸಿದ್ದು. ನಾನು ಹಾಗೇ ನಡ್ಕೊಂಡೆ."

"ನಾನು ನಿಮ್ಮ ಎಡಗೈಯಾ?"

ತಿಮ್ಮಕ್ಕ ಬಸಳೆಯ ಕಟ್ಟುಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು.

"ಸಾಡೊ ನಂದು," ಎಂದಳು ನತಾಲಿನ್. "ಕೊಡೂ ಮೊದ್ಲು ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಹೇಳ್ತಿದ್ಯಾ?"

"ಕೊಡಿ ಹೇಳ್ತಿದ್ದೆ. ಕೊಟ್ಟ ಖುಷಿಯಲ್ಲಿ ಅರ್ಧ ನಂಗೂ ಸಿಗ್ತಿತ್ತು... ಅದನ್ನ ನೀವೊಬ್ರೇ ಇಟ್ಕೊಂಡ್ರಿ."

ಪಾಸ್ಕು ತನ್ನ ಅಂಗೈ ನೋಡಿಕೊಂಡ. ಬೆರಳ ತುದಿಗಳಲ್ಲಿ ಸೂಜಿಯ ಗುರುತುಗಳಿದ್ದವು.

"ತಪ್ಪಾತು, ನತಾಲಿನ್. ಪೋಸ್ಟಾಫೀಸಿನಲ್ಲಿ ಸಾಡೊಗೆ ಆಗುವಷ್ಟು ಮತ್ತೆ ಕೂಡಿ ಎರಡು ವರ್ಷ ಆತು. ಯಾರಿಗೆ ತರೂದು ಅಂತ ಬಿಟ್ಟಿದ್ದೆ."

ಜೋಮು ಹಿಡಿದ ಕಾಲಿಗೆ ರಕ್ತ ಹರಿಯುವಾಗ ಮೊದಲು ಬರುವುದು ನೋವು. ಅವಳಿಗೂ ಹಾಗೇ ಆಯಿತು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಎಲ್ಲೋ ಚುಚ್ಚಿತು.

ದೋಣಿ ಹೊನ್ನಾವರದ ದಂಡೆಗೆ ತಾಗಿತು. ಮೇಲೆ ಇನಾಸ ಬಿಸಿಲಿಗೆ ಕೊಡೆ ಹಿಡಿದು ಕಾಯುತ್ತಿದ್ದ. ನತಾಲಿನ್ ಗಂಟು ಬಿಚ್ಚಿ, ಹತ್ತು ಪೈಸೆಯ ಎರಡು ನಾಣ್ಯಗಳನ್ನು ಜಟ್ಟನ ಕೈಗೆ ಹಾಕಿದಳು.

"ಇಬ್ಬರದ್ದು."

"ಅವ್ರದ್ದು ಬೇಡ, ಅಮ್ಮ."

"ತಗೋ ಜಟ್ಟ. ಅವ್ರು ಪುಕ್ಕಟೆ ಕೂತ್ರೆ, ಕೊಟ್ಟದ್ದನ್ನ ಹತ್ತತ್ತು ಪೈಸೆ ತಿರುಗಿ ಇಸ್ಕೊಂಡಂಗೆ."

ಜಟ್ಟ ಇಬ್ಬರನ್ನೂ ನೋಡಿದ. ಆಮೇಲೆ ನಾಣ್ಯಗಳನ್ನು ಸೊಂಟದ ಚೀಲಕ್ಕೆ ಹಾಕಿಕೊಂಡ.

ಮರಳಿನ ಮೇಲೆ ನಿಂತು ಅವಳು ಪಾಸ್ಕುವಿನತ್ತ ತಿರುಗಿದಳು. ಅಣ್ಣನಿಗೆ ದೋಣಿಯ ವಿಷಯ ಹೇಳಿ, ಕುಮಟಾದವರಿಗೆ ಆಗದು ಎಂದು ಅವನ ಕೈಲಿ ಇವತ್ತೇ ಹೇಳಿಸುವುದಾಗಿ ತಿಳಿಸಿ, ಕೇಳಿದಳು:

"ಪಾದ್ರಿಗಳ ಹತ್ರ ನಿಮ್ಮ ಹೆಸರು ಬರೆಸ್ಲಾ?"

"ಆತು," ಎಂದ ಪಾಸ್ಕು. "ಇನ್ನು ಡಬ್ಬಿ ನಿನ್ನ ಕೈಲಿ."

"ನನ್ನೊಬ್ಬಳ ಕೈಲಿ ಬೇಡ. ಇಬ್ಬರ ನಡುವೆ ಇರಲಿ."